ಹೊರಡದ ವಿಮಾನ, ಕುಸೈಸಿನ ಮೂರು ದಿನ

(ದುಬೈಯಲ್ಲಿ ನಡೆದ ಕುಟುಂಬ ಸಂಗಮದಲ್ಲಿ ಆಡಿದ ಮಾತಿನ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರೇ, ಊರಿನಿಂದ ಬಂದಿರುವ ತಾಯಂದಿರೇ, ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಸಹೋದರರೇ,

ಭಾಷಣ ಮಾಡಿ ನಮಗೆ ಅಭ್ಯಾಸವಿಲ್ಲ. ರಜೆಗೆ ಹೊರಟ ದಿನ ವಿಮಾನವೇ ಹೋಗದಿದ್ದರೆ ಏನು ಮಾಡುವುದು ಎಂದು ನಾಲ್ಕು ಮಾತು ಹೇಳಿ ಅಂತ ಕಾರ್ಯದರ್ಶಿಯವರು ಹೇಳಿದರು. ನಮಗೆ ಆದದ್ದನ್ನೇ ಹೇಳುತ್ತೇವೆ.

2024ರ ಏಪ್ರಿಲ್ 16, ಮಂಗಳವಾರ. ಪೆರ್ನಾಳ್ ಕಳೆದು ಒಂದು ವಾರ ಆಗಿರಲಿಲ್ಲ. ಆ ಮಳೆ ನಿಮಗೆಲ್ಲ ನೆನಪಿರಬಹುದು. 1949ರಲ್ಲಿ ಇಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಂಥ ಮಳೆ ಬಿದ್ದಿರಲಿಲ್ಲ. ಅಲ್ ಐನ್ ಕಡೆ ಒಂದು ಕಡೆ 24 ಗಂಟೆಯೊಳಗೆ 254 ಮಿಲಿಮೀಟರ್. ಊರಿನವರಿಗೆ ಹೇಳಿದರೆ, ‘ಆಟಿಯಲ್ಲಿ ನಮಗೆ ಇದು ಮಾಮೂಲಿ ಅಲ್ವಾ’ ಅಂತ ನಗುತ್ತಾರೆ. ಊರಿನಲ್ಲಿ ನೀರಿಗೆ ತೋಡು ಉಂಟು, ಹೊಳೆ ಉಂಟು. ಇಲ್ಲಿ ನೀರು ಎಲ್ಲಿಗೆ ಹೋಗಬೇಕು?

ಅವತ್ತು ರಾತ್ರಿಯ ಮಂಗಳೂರು ವಿಮಾನಕ್ಕೆ ನಾವು ಮೂವರು ಹೊರಟಿದ್ದೆವು. ನಮ್ಮಲ್ಲಿ ಹಿರಿಯರೊಬ್ಬರು, ನಾವೆಲ್ಲ ಕಾಕ ಅಂತಲೇ ಕರೆಯುವವರು, ಶಾರ್ಜಾದ ಕೆಫೆಟೇರಿಯಾದಲ್ಲಿ 22 ವರ್ಷ ಚಾಯ ಮಾಡಿದವರು. ಗುರುವಾರ ಅವರ ಮಗಳ ನಿಕಾಹ್. ಮೊಣಕಾಲು ಮುಳುಗುವ ನೀರಿನಲ್ಲಿ ಬಾಕ್ಸನ್ನು ತಲೆಯ ಮೇಲೆ ಹೊತ್ತುಕೊಂಡು, ಸ್ವಲ್ಪ ನಡೆದು, ಸ್ವಲ್ಪ ಯಾರದ್ದೋ ಪಿಕಪ್ಪಿನಲ್ಲಿ ಕೂತು ಏರ್‌ಪೋರ್ಟಿಗೆ ಬಂದರು. ಬೋರ್ಡಿನಲ್ಲಿ ರಾತ್ರಿಯಿಡೀ ‘ಡಿಲೇ’. ಬುಧವಾರ ಬೆಳಗ್ಗೆ ‘ಕ್ಯಾನ್ಸಲ್’.

ಕಾಕ ಆಗ ಹೇಳಿದ ಮೊದಲ ಮಾತು, ‘ಮನೆಗೆ ಹೇಳುದು ಬೇಡ. ನಾಳೆ ಹೇಗಾದ್ರೂ ಮುಟ್ತೇನೆ.’

ಇದು ನಮಗೆಲ್ಲ ಇರುವ ಅಭ್ಯಾಸ. ಸಂಬಳ ಬಾರದಿದ್ದರೆ ಹೇಳುವುದಿಲ್ಲ, ಜ್ವರ ಬಂದರೆ ಹೇಳುವುದಿಲ್ಲ, ವಿಮಾನ ತಪ್ಪಿದರೂ ಹೇಳುವುದಿಲ್ಲ. ಮನೆಯವರು ಬೇಜಾರು ಮಾಡಬಾರದು ಅಂತ. ಆದರೆ ಅಲ್ಲಿ ಬಜ್ಪೆ ಏರ್‌ಪೋರ್ಟಿಗೆ ಕಾರು ಮಾಡಿಕೊಂಡು ಬಂದು ಕಾಯುವವರು ಯಾರು? ಅವರೇ ಅಲ್ವಾ? ನಾವು ಹಟ ಹಿಡಿದು ಅಲ್ಲಿಂದಲೇ ಫೋನ್ ಮಾಡಿಸಿದೆವು. ಹೆಂಡತಿ ಅತ್ತರು. ತಮ್ಮ ಫೋನ್ ತೆಗೆದುಕೊಂಡು, ‘ನಿಕಾಹ್ ಮುಂದೆ ಹಾಕುವುದಾ?’ ಅಂತ ಕೇಳಿದರು. ಹೇಗೆ ಹಾಕುವುದು? ಹುಡುಗನೂ ದಮ್ಮಾಮಿನವ, ಅವನ ರಜೆಯೂ ಎಣಿಸಿದ ದಿನಗಳು. ಹಾಲ್ ಬುಕ್ ಆಗಿದೆ, ಜನಕ್ಕೆ ಹೇಳಿಯಾಗಿದೆ. ತಮ್ಮ ಅಲ್ಲಿಂದ ನೇರ ಮಸೀದಿಗೆ ಹೋದರು. ಕಾಕನ ಸ್ವರ ಚೆನ್ನಾಗಿ ಗುರುತಿರುವ ಖತೀಬರು ಅವತ್ತೇ ಸಾಕ್ಷಿಗಳನ್ನು ಕೂರಿಸಿ ಫೋನಿನಲ್ಲಿ ಮಾತಾಡಿದರು. ನಿಕಾಹ್ ಮಾಡಿಕೊಡಲು ಕಾಕ ತಮ್ಮನಿಗೆ ವಕಾಲತ್ ಕೊಟ್ಟರು. ಒಂದು ದಿನ ಮುಂಚೆ ಗೊತ್ತಾದದ್ದರಿಂದ ಇದೆಲ್ಲ ಗಡಿಬಿಡಿಯಿಲ್ಲದೆ ಆಯಿತು. ಗುರುವಾರ ಮದುಮಗ ಬಂದು ಕೂತ ಮೇಲೆ ಗೊತ್ತಾಗಿದ್ದರೆ? ಯೋಚನೆ ಮಾಡಿ.

ಇನ್ನೊಂದು ವಿಷಯ ಹೇಳಬೇಕು, ನಮ್ಮ ಬಗ್ಗೆಯೇ. ಆ ಬೆಳಗ್ಗೆ ಕ್ಯೂನಲ್ಲಿ ಒಬ್ಬ ಬಂದು, ಬೇರೆ ಏರ್‌ಪೋರ್ಟಿನಿಂದ ಕೇರಳಕ್ಕೆ ಒಂದು ಸೀಟ್ ಉಂಟು ಅಂದ. ರೇಟು ಮೂರು ಪಟ್ಟು. ಕಾಕ ಸಾಲ ಮಾಡಿ ತೆಗೆಯಲು ತಯಾರಿದ್ದರು. ರಸ್ತೆಯೆಲ್ಲ ನೀರು, ಆ ಟಿಕೆಟ್ ಸಾಚಾವೋ ಅಲ್ಲವೋ, ಕೈಯಲ್ಲಿರುವ ಟಿಕೆಟಿನ ಹಣ ವಾಪಸ್ ಬರುವುದು ಯಾವಾಗಲೋ ಅಂತ ನಾವೇ ತಡೆದೆವು. ಆಮೇಲೆ ಗೊತ್ತಾಯಿತು, ಆ ವಿಮಾನ ತುಂಬ ತಡವಾಗಿಯಾದರೂ ಹೊರಟಿತ್ತು. ಹೋಗಿದ್ದರೆ ಕಾಕ ನಿಕಾಹ್‌ಗೆ ಮುಟ್ಟುತ್ತಿದ್ದರೋ ಏನೋ. ಅವರು ಇವತ್ತಿನವರೆಗೆ ನಮಗೆ ಒಂದು ಮಾತು ಅಂದಿಲ್ಲ. ನಾವು ಮಾತ್ರ ಮರೆತಿಲ್ಲ.

ಹೊಸ ತಾರೀಕು ಸಿಕ್ಕಿದ್ದು 20ಕ್ಕೆ. ನಾವು ಕುಸೈಸಿನಲ್ಲಿ ಗೆಳೆಯರೊಬ್ಬರ ರೂಮಿಗೆ ಬಂದೆವು. ಆರು ಜನರ ರೂಮು, ಒಂಬತ್ತು ಜನ ಆದೆವು. ಕಾಕನ ಶುಗರಿನ ಮಾತ್ರೆ ಬಾಕ್ಸಿನ ಅಡಿಯಲ್ಲಿತ್ತು, ಹಗ್ಗ ಬಿಚ್ಚಿ ಎಲ್ಲ ಹೊರಗೆ ಹಾಕಬೇಕಾಯಿತು. ಮಾತ್ರೆ, ಚಾರ್ಜರ್, ಒಂದು ಜೊತೆ ಬಟ್ಟೆ ಯಾವಾಗಲೂ ಕೈಚೀಲದಲ್ಲಿರಲಿ. ಅರ್ಧ ಗಂಟೆಯ ದಾರಿಯಾದರೂ ಸರಿ.

ಗುರುವಾರ ಊರಿನಲ್ಲಿ ಅಸರ್ ಆದ ಮೇಲೆ, ಇಲ್ಲಿ ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ, ಬೋಟಿಮ್‌ನಲ್ಲಿ ವಿಡಿಯೋ ಹಾಕಿದರು. ಕಾಕ ಮದುವೆಗೆಂದು ಹೊಲಿಸಿದ್ದ ಬಿಳಿ ಅಂಗಿಯನ್ನು ಹಾಕಿಕೊಂಡು ಕೆಳಗಿನ ಬೆಡ್ಡಿನ ಮೇಲೆ ನೆಟ್ಟಗೆ ಕೂತರು. ಚಿತ್ರ ನಿಂತು ನಿಂತು ಬರುತ್ತಿತ್ತು, ಸ್ವರ ಮಾತ್ರ ಸರಿ ಇತ್ತು. ತಮ್ಮ ಮಾಡಿಕೊಟ್ಟದ್ದು, ಹುಡುಗ ಒಪ್ಪಿಕೊಂಡದ್ದು ಎರಡೂ ಕೇಳಿಸಿತು. ರೂಮಿನ ನೇಪಾಳದವನೂ ಪಾಕಿಸ್ತಾನದವನೂ ಎದ್ದು ಬಂದು ಕಾಕನನ್ನು ತಬ್ಬಿಕೊಂಡರು. ಗೆಳೆಯರು ತುಪ್ಪದನ್ನ, ಕೋಳಿ ಮಾಡಿದ್ದರು. ಬಾಕ್ಸಿನ ಚಾಕಲೇಟನ್ನು ಕಾಕ ಕಟ್ಟಡದ ಮಕ್ಕಳಿಗೆಲ್ಲ ಹಂಚಿದರು. ರಾತ್ರಿ ಮಗಳು ಫೋನ್ ಮಾಡಿ, ‘ಉಪ್ಪಾ, ನೀವು ಊಟ ಮಾಡಿದ್ರಾ?’ ಅಂತ ಕೇಳಿದಾಗ ಮಾತ್ರ ಅವರು ಫೋನ್ ಹಿಡಿದುಕೊಂಡು ಮೆಟ್ಟಿಲಿನ ಕಡೆ ಹೋದರು.

ಇನ್ನು ಕಾಗದದ ವಿಷಯ. ಕಂಪೆನಿ ತಾನಾಗಿ ವಿಮಾನ ರದ್ದು ಮಾಡುವ ಮೊದಲೇ ನೀವು ಮೊಬೈಲಿನಲ್ಲಿ ಕ್ಯಾನ್ಸಲ್ ಒತ್ತಬೇಡಿ, ಹಣ ಕಡಿತವಾಗಬಹುದು. ಅವರೇ ರದ್ದು ಮಾಡಿದರೆ, ಭಾರತದ ವಿಮಾನ ಕಂಪೆನಿಗಳ ನಿಯಮದಂತೆ ಬೇರೆ ವಿಮಾನ ಅಥವಾ ಟಿಕೆಟಿನ ಹಣ, ಎರಡರಲ್ಲೊಂದು ಕೇಳಬಹುದು. ಮಳೆಗೆ ಪರಿಹಾರ ಕೊಡುವುದಿಲ್ಲ ಅನ್ನುತ್ತಾರೆ, ಅದು ಸರಿಯೇ. ಆದರೆ ಪರಿಹಾರ ಬೇರೆ, ಟಿಕೆಟಿನ ಹಣ ಬೇರೆ. ಮೆಸೇಜ್ ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ರಾವೆಲ್ಸಿನಿಂದ ತೆಗೆದ ಟಿಕೆಟ್ ಆದರೆ ಹಣ ಅವರ ಮೂಲಕವೇ ಬರುತ್ತದೆ, ಆಗ ಬಾಯಿಮಾತು ನಡೆಯುವುದಿಲ್ಲ.

ನಮ್ಮ ಮೂವರಲ್ಲಿ ಒಬ್ಬರು ವೀಸಾ ಕ್ಯಾನ್ಸಲ್ ಮಾಡಿಸಿ ಪೂರ್ತಿ ಊರಿಗೆ ಹೊರಟವರು. ಅವಧಿ ಅದೇ ವಾರ ಮುಗಿಯುತ್ತಿತ್ತು, ದಂಡ ಬೀಳುತ್ತದೆ ಅಂತ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಏಪ್ರಿಲ್ 16ರಿಂದ 18ರ ವರೆಗೆ ವಿಮಾನ ರದ್ದಾಗಿ ಉಳಿದವರಿಗೆ ಆ ದಂಡವನ್ನು ಇಲ್ಲಿನ ಸರಕಾರ ಮನ್ನಾ ಮಾಡಿತ್ತು. ನಮಗೆ ಗೊತ್ತಾದದ್ದು ತಡವಾಗಿ. ಭಾರತೀಯ ಕಾನ್ಸುಲೇಟ್ ಸಹಾಯವಾಣಿ ನಂಬರ್ ಕೊಟ್ಟಿತ್ತು, ಕರೆ ಮಾಡಿ ಕೇಳುವ ಬುದ್ಧಿ ನಮಗೆ ಬರಲಿಲ್ಲ. ರೂಮಿನಲ್ಲಿ ಕೂತು ಅವರಿವರ ವಾಯ್ಸ್ ಮೆಸೇಜ್ ಕೇಳಿ ಹೆದರಿದ್ದೇ ಹೆಚ್ಚು.

ಮೂರು ದಿನ ಅಂದರೆ ಕಡಿಮೆಯೇ. 2021ರ ಫೆಬ್ರವರಿ 3ರ ರಾತ್ರಿ ಸೌದಿ ಬಾಗಿಲು ಹಾಕಿದಾಗ, 14 ದಿನ ಕಳೆಯಲು ದುಬೈಗೆ ಬಂದಿದ್ದ ನಮ್ಮವರು ಎಷ್ಟು ಜನ ಇಲ್ಲೇ ಬಾಕಿಯಾದರು! ಅವರಿಗೆ ಊಟ ಮುಟ್ಟಿಸಿದವರು ಈ ಸಭೆಯಲ್ಲೇ ಇದ್ದೀರಿ. ಆ ಕತೆ ಅವರೇ ಹೇಳಲಿ.

ಕಾಕ 20ರಂದು ಮಂಗಳೂರಿಗೆ ಇಳಿದರು. ಮನೆಗೂ ಹೋಗಲಿಲ್ಲ, ಅರ್ಧ ಖಾಲಿ ಬಾಕ್ಸ್ ಸಮೇತ ನೇರ ಅಳಿಯನ ಮನೆಗೆ. ಅಳಿಯನ ರಜೆಯಲ್ಲಿ ಇನ್ನೂ ಒಂಬತ್ತು ದಿನ ಬಾಕಿ ಇತ್ತಂತೆ.

ಈ ಸಲ ರಜೆಗೆ ಹೊರಡುವವರು ಹೋಗುವ ತಾರೀಕನ್ನೂ ಮನೆಯ ಒಂದು ನಂಬರನ್ನೂ ಬಾಗಿಲ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ ಬರೆದು ಹೋಗಿ. ಚಾಯ ಬಂದಿದೆ, ನಿಲ್ಲಿಸುತ್ತೇವೆ. ವಸ್ಸಲಾಂ.