ಕೇಶಕರ್ತನದ ಕತ್ತರಿ



ಮಕ್ಕಳ ತಲೆಗೂದಲನ್ನು ಮನೆಯಲ್ಲಿಯೇ ಕತ್ತರಿಸುವ ತಾಯ್ತಂದೆಗಳು ಅನೇಕರಿದ್ದಾರೆ. ಕಾಗದಕ್ಕೂ ಬಟ್ಟೆಗೂ ಬಳಸಿದ ಕತ್ತರಿಯನ್ನೇ ಎತ್ತಿಕೊಂಡು ಅವರು ಕೆಲಸಕ್ಕೆ ತೊಡಗುತ್ತಾರೆ. ಕೂದಲು ಜಗ್ಗಿ ಮಗು ಅಳುತ್ತದೆ, ತಲೆಯಾದರೋ ಮೆಟ್ಟಿಲುಮೆಟ್ಟಿಲಾಗುತ್ತದೆ. ಅಪರಾಧವನ್ನು ಮಗುವಿನ ಚಾಪಲ್ಯದ ಮೇಲೆ ಹೊರಿಸುವುದು ವಾಡಿಕೆ. ಆದರೆ ದೋಷವು ಬಹುಮಟ್ಟಿಗೆ ಕತ್ತರಿಯಲ್ಲಿಯೂ ಅದನ್ನು ಹಿಡಿದ ಕೈಯಲ್ಲಿಯೂ ಇರುತ್ತದೆ ಎಂಬುದನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಬಯಸುತ್ತೇವೆ.

ಒಳ್ಳೆಯ ಕತ್ತರಿಯ ಎರಡು ಅಲಗುಗಳು ಒಳಮೈಯಲ್ಲಿ ತುಸು ಬಾಗಿರುತ್ತವೆ. ಆದುದರಿಂದ ಅವು ತಿರುಪಿನ ಬಳಿಯಲ್ಲಿಯೂ, ಕತ್ತರಿಸುತ್ತಿರುವ ಆ ಒಂದು ಬಿಂದುವಿನಲ್ಲಿಯೂ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಕೂದಲು ನುಣುಪಾದ ವಸ್ತು. ಅಂಚು ಮೊಂಡಾದರೆ ಅದು ತುಂಡಾಗದೆ ಅಲಗುಗಳ ನಡುವೆ ಮಡಿಸಿಕೊಳ್ಳುತ್ತದೆ, ಇಲ್ಲವೇ ಜಾರುತ್ತದೆ. ಕಾಗದದಲ್ಲಿ ಸುಣ್ಣದ ಹಾಗೂ ಜೇಡಿಯ ನವುರಾದ ಪುಡಿ ಬೆರೆತಿರುವುದುಂಟು. ಅದು ಅಂಚನ್ನು ಸವೆಸುತ್ತದೆ. ಕೂದಲಿನ ಕತ್ತರಿಯಿಂದ ಕೂದಲನ್ನಲ್ಲದೆ ಬೇರೇನನ್ನೂ ಕತ್ತರಿಸಬಾರದೆಂಬ ನಿಯಮಕ್ಕೆ ಕಾರಣ ಇದೇ.

ಇನ್ನು ಹಿಡಿಯುವ ಕ್ರಮ. ಉಂಗುರದ ಬೆರಳನ್ನು ಒಂದು ಬಳೆಯಲ್ಲಿ ತೂರಿಸಬೇಕು. ಆ ಬಳೆಗೆ ಬಾಲದಂತಹ ಸಣ್ಣ ಕೊಂಬಿದ್ದರೆ ಅದರ ಮೇಲೆ ಕಿರುಬೆರಳನ್ನಿರಿಸಬೇಕು. ತೋರುಬೆರಳೂ ನಡುಬೆರಳೂ ಹಿಡಿಯ ಮೇಲೆ ಒರಗಿರಲಿ. ಹೆಬ್ಬೆರಳನ್ನು ಮಾತ್ರ ಪೂರ್ತಿ ತೂರಿಸಬಾರದು. ಅದರ ತುದಿ ಬಳೆಯನ್ನು ಹಿಡಿದರೆ ಸಾಕು. ಈಗ ಹೆಬ್ಬೆರಳನ್ನೊಂದನ್ನೇ ಆಡಿಸಿ ನೋಡಿರಿ. ಒಂದು ಅಲಗು ನಿಶ್ಚಲವಾಗಿ ನಿಲ್ಲುತ್ತದೆ, ಇನ್ನೊಂದು ಅದರ ಬಳಿಗೆ ಬಂದು ಹೋಗುತ್ತದೆ. ಈ ವಿದ್ಯೆಯ ಸಾರವೆಲ್ಲ ಇಷ್ಟರಲ್ಲಿದೆ. ನಿಂತ ಅಲಗು ಗೆರೆಯನ್ನು ತೋರಿಸುತ್ತದೆ; ಆಡುವ ಅಲಗು ಆ ಗೆರೆಯಲ್ಲಿ ಕತ್ತರಿಸುತ್ತದೆ. ಎರಡೂ ಆಡಿದರೆ ಗೆರೆ ಕೆಡುತ್ತದೆ, ಮೊನೆ ಎಲ್ಲಿದೆಯೆಂಬುದು ಕೈಗೆ ತಿಳಿಯದೆ ಕಿವಿಗೆ ಅಪಾಯವೊದಗುತ್ತದೆ. ಎಡಗೈಯವರು ಎಡಗೈಗಾಗಿಯೇ ಮಾಡಿದ ಕತ್ತರಿಯನ್ನು ಬಳಸಬೇಕು. ಬಲಗೈಯದು ಅವರ ಹಿಡಿತದಲ್ಲಿ ಅಲಗುಗಳನ್ನು ಅಗಲಿಸಿಬಿಡುತ್ತದೆ.

ಕೂದಲನ್ನು ಬಾಚುವಾಗ ಹೆಬ್ಬೆರಳನ್ನು ಹೊರತೆಗೆದು, ಕತ್ತರಿಯನ್ನು ಮುಚ್ಚಿ ಅಂಗೈಯಲ್ಲಿ ಅಡಗಿಸಿಕೊಳ್ಳಬೇಕು. ಒದ್ದೆಯಾದ ಕೂದಲು ಹಿಗ್ಗಿ ಉದ್ದವಾಗಿ ಕಾಣುತ್ತದೆ, ಒಣಗಿದ ಮೇಲೆ ಕುಗ್ಗುತ್ತದೆ. ಆದಕಾರಣ ಬೇಕಾದುದಕ್ಕಿಂತ ಉದ್ದವಾಗಿಯೇ ಮೊದಲು ಕತ್ತರಿಸುವುದು ವಿವೇಕ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ. ಒಂದು ಕ್ಷಣದ ಆತುರವನ್ನು ಮಗು ಒಂದು ತಿಂಗಳು ತಲೆಯ ಮೇಲೆ ಹೊತ್ತು ತಿರುಗಬೇಕಾದೀತು.

ತಿರುಪಿನ ಬಿಗಿಯನ್ನು ಪರೀಕ್ಷಿಸುವುದು ಸುಲಭ. ಮೊನೆ ಮೇಲಾಗುವಂತೆ ಒಂದು ಬಳೆಯನ್ನು ಹಿಡಿದು, ಇನ್ನೊಂದು ಹಿಡಿಯನ್ನು ಅಡ್ಡಲಾಗಿ ಎತ್ತಿ ಬಿಟ್ಟುಬಿಡಿರಿ. ಅದು ತಾನಾಗಿ ಪೂರ್ತಿ ಮುಚ್ಚಿಕೊಂಡರೆ ಸಡಿಲ, ಕದಲದಿದ್ದರೆ ಬಿಗಿ, ತುಸು ಇಳಿದು ನಡುವೆ ನಿಂತರೆ ಸರಿ. ಸಡಿಲವಾದರೆ ಕೂದಲು ಮಡಿಸಿಕೊಳ್ಳುತ್ತದೆ, ಬಿಗಿಯಾದರೆ ಹೆಬ್ಬೆರಳು ನೋಯುತ್ತದೆ. ಕೆಲಸ ಮುಗಿದೊಡನೆ ಕತ್ತರಿಯನ್ನು ತೊಳೆದು, ಒರೆಸಿ, ಸ್ಪಿರಿಟ್ಟಿನಲ್ಲಿ ಶುದ್ಧಿಗೊಳಿಸಿ, ತಿರುಪಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರೆ ತುಕ್ಕಿನ ಭಯವಿಲ್ಲ. ಒಬ್ಬರ ನೆತ್ತಿಯ ಸೋಂಕು ಇನ್ನೊಬ್ಬರಿಗೆ ತಗಲುವ ಭಯವೂ ಇಲ್ಲ.

ಕತ್ತರಿಗೆ ಹೆಸರಾದ ಉತ್ತರ ಪ್ರದೇಶದ ಮೀರತ್ ಪಟ್ಟಣದ ಕತ್ತರಿಗಳಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅಲ್ಲಿನ ಸಾಂಪ್ರದಾಯಿಕ ಕತ್ತರಿಯನ್ನು ಮೊಂಡಾದಾಗಲೆಲ್ಲ ಸಾಣೆ ಹಿಡಿಸಿ ಮತ್ತೆ ಬಳಸಬಹುದು. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆಂಬ ಮಾತು ಅದಕ್ಕಿದೆ. ಆದರೆ ಆ ಬಾಳಿಕೆ ಉಕ್ಕಿನಿಂದ ಮಾತ್ರವೇ ಬರತಕ್ಕದ್ದಲ್ಲ, ಕೈಯ ನೀತಿಯಿಂದಲೂ ಬರಬೇಕು.

ಕ್ಷೌರಿಕನು ಹಗಲೆಲ್ಲ ನಿಂತು, ಸಾವಿರಾರು ಬಾರಿ ಹೆಬ್ಬೆರಳನ್ನಾಡಿಸಿ ದುಡಿಯುತ್ತಾನೆ. ಹಿಡಿತ ತಪ್ಪಿದರೆ ಕೆಲವೇ ವರ್ಷಗಳಲ್ಲಿ ಮಣಿಕಟ್ಟು ನೋವಿಗೆ ಈಡಾಗಿ ಅವನ ಜೀವನೋಪಾಯಕ್ಕೇ ಕುಂದು ಬಂದೀತು. ನಮ್ಮ ಸಮಾಜ ಬಹುಕಾಲ ಕೀಳೆಂದೆಣಿಸಿದ ಆ ಕೆಲಸದಲ್ಲಿ ಎಷ್ಟು ಸೂಕ್ಷ್ಮವಾದ ಶಾಸ್ತ್ರ ಅಡಗಿದೆಯೆಂಬುದು, ಒಮ್ಮೆ ಕತ್ತರಿಯನ್ನು ಸರಿಯಾಗಿ ಹಿಡಿಯಲು ಯತ್ನಿಸಿದವರಿಗೆ ಬೇರೆ ಹೇಳಬೇಕಾದುದಿಲ್ಲ.