ಎರಡು ಬಾರಿ ಇಳಿಸಲ್ಪಟ್ಟ ನೌಕಾಧಿಪತಿ



ಇಂದು ನಾವು ಹೇಳಹೊರಟಿರುವುದು ಸೋವಿಯೆತ್ ರಷ್ಯದ ನೌಕಾಧಿಪತಿ ನಿಕೊಲಾಯ್ ಕುಜ್ನೆತ್ಸೋವರ ಸಂಗತಿ. ಸಮುದ್ರ ಕಾಣದ ನಮಗೆ ಹಡಗಿನ ಮಾತೇಕೆ ಎನ್ನಬೇಡಿ. ದುಡಿಯುವವರ ರಾಜ್ಯವೆಂದು ಹೆಸರಾದ ಕಡೆ ನಿಷ್ಠೆಯಿಂದ ದುಡಿದವರಿಗೆ ಏನಾಯಿತೆಂಬುದು ನಮಗೂ ಸಂಬಂಧಪಟ್ಟ ವಿಷಯವೇ ಸರಿ.

ಇವರು 1904ರಲ್ಲಿ ಆರ್ಖಾಂಗೆಲ್ಸ್ಕ್ ಸೀಮೆಯ ರೈತರ ಮನೆಯಲ್ಲಿ ಹುಟ್ಟಿದವರು. ಪ್ರಾಯ ಎರಡು ವರ್ಷ ಹೆಚ್ಚಿಗೆ ಬರೆಸಿ 1919ರಲ್ಲಿ ನೌಕಾದಳ ಸೇರಿದರು. 1939ರಲ್ಲಿ, ಇನ್ನೂ 34 ವರ್ಷದವರಿರುವಾಗಲೇ, ಇಡೀ ನೌಕಾದಳದ ಮಂತ್ರಿಯಾದರು. ರೈತನ ಮಗನಿಗೆ ಕ್ರಾಂತಿ ತೆರೆದ ಬಾಗಿಲು ಅದು, ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಮುಂಚೆ, 1937-38ರಲ್ಲಿ, ಹಿರಿಯ ನೌಕಾಧಿಕಾರಿಗಳು ಅನೇಕರು ಗುಂಡಿಗೆ ಬಲಿಯಾಗಿದ್ದರು ಎಂಬುದನ್ನೂ ಮರೆಯುವಂತಿಲ್ಲ.

1941ರ ಜೂನ್ 21ರ ರಾತ್ರಿ ನೋಡಿ. ಹಿಟ್ಲರ್ ಮೇಲೆ ಬೀಳುವನೆಂಬ ಮಾತನ್ನು ಸ್ಟಾಲಿನ್ ಕಿವಿಗೆ ಹಾಕಿಕೊಂಡಿರಲಿಲ್ಲ. ಕುಜ್ನೆತ್ಸೋವರು ಮಾತ್ರ ಎಲ್ಲ ದಳಗಳಿಗೂ ಪೂರ್ಣ ಸನ್ನದ್ಧತೆಯ ಆಜ್ಞೆ ಕಳಿಸಿದರು. ತಂತಿ ತಲಪುವುದು ತಡವಾದೀತೆಂದು ತಾವೇ ಟೆಲಿಫೋನಿನಲ್ಲಿ ಹೇಳಿದರು. ಬೆಳಗಿನ ಜಾವ ಸೆವಾಸ್ಟೊಪೋಲಿನ ಮೇಲೆ ಜರ್ಮನ್ ವಿಮಾನಗಳು ಬಂದಾಗ ಫಿರಂಗಿಗಳು ಎಚ್ಚರವಾಗಿದ್ದವು. ಆ ದಾಳಿಯಲ್ಲಿ ಒಂದು ಸಮರನೌಕೆಯೂ ಮುಳುಗಲಿಲ್ಲ. ಅದೇ ಬೆಳಿಗ್ಗೆ ಭೂಸೇನೆಯ ಕಡೆ ನೂರಾರು ವಿಮಾನಗಳು ನೆಲದ ಮೇಲೆಯೇ ಸುಟ್ಟುಹೋದವು.

ಇದಕ್ಕೆ ಸಂದ ಪ್ರತಿಫಲವೇನು? 1947ರಲ್ಲಿ ಪದಚ್ಯುತಿ. 1948ರಲ್ಲಿ, ಯುದ್ಧಕಾಲದ ಮಿತ್ರರಾಗಿದ್ದ ಬ್ರಿಟಿಷರಿಗೆ ಟಾರ್ಪಿಡೊ ನಕ್ಷೆ ಮುಂತಾದುವನ್ನು ಕೊಟ್ಟರೆಂದು ಇನ್ನು ಮೂವರು ಅಡ್ಮಿರಲರ ಜೊತೆ ವಿಚಾರಣೆ. ಇವರಿಗೆ ಹಿಂಬಡ್ತಿ, ಆ ಮೂವರಿಗೆ ಸೆರೆಮನೆ. ಅವರಲ್ಲಿ ಗಾಲ್ಲೆರ್ ಎಂಬವರು 1950ರಲ್ಲಿ ಸೆರೆಯಲ್ಲೇ ತೀರಿಕೊಂಡರು. ನಮ್ಮ ಗಿರಣಿಯಲ್ಲಿ ಚಾರ್ಜ್‌ಷೀಟ್ ಬಂದವನ ಪರವಾಗಿ ಸಂಘದವನೊಬ್ಬ ಬಾಯಿ ಬಿಡುತ್ತಾನೆ. ಅಲ್ಲಿ ಯಾರಿದ್ದರು?

1951ರಲ್ಲಿ ಅದೇ ಸ್ಟಾಲಿನ್ ಮತ್ತೆ ಕರೆದು ಮಂತ್ರಿ ಮಾಡಿದ. 1953ರಲ್ಲಿ ಆ ತೀರ್ಪೂ ರದ್ದಾಯಿತು. 1955ರ ಅಕ್ಟೋಬರಿನಲ್ಲಿ 'ನೊವೊರೊಸ್ಸಿಯ್ಸ್ಕ್' ಯುದ್ಧನೌಕೆ ಸೆವಾಸ್ಟೊಪೋಲ್ ಬಂದರಿನಲ್ಲೇ ಸ್ಫೋಟಗೊಂಡು 600ಕ್ಕೂ ಹೆಚ್ಚು ಮಂದಿ ಸತ್ತರು. ಹೃದ್ರೋಗದಿಂದ ತಿಂಗಳುಗಟ್ಟಲೆ ರಜೆಯಲ್ಲಿದ್ದ ಕುಜ್ನೆತ್ಸೋವರ ತಲೆಗೇ ಹೊಣೆ ಕಟ್ಟಿದರು. ಕ್ರುಶ್ಚೇವ್, ಜೂಕೋವ್ ಇಬ್ಬರಿಗೂ ಅವರ ಮೇಲೆ ಮುಂಚೆಯೇ ಮುನಿಸಿತ್ತು. 1956ರಲ್ಲಿ ಎರಡನೆಯ ಹಿಂಬಡ್ತಿ, ನೌಕಾದಳದಲ್ಲಿ ಇನ್ನು ಕೆಲಸ ಮಾಡಕೂಡದೆಂಬ ಆಜ್ಞೆ. ಆಗ ಅವರಿಗೆ 51 ವರ್ಷ.

ಉಳಿದ ಆಯುಸ್ಸನ್ನು ಆತ್ಮಕಥೆ ಬರೆಯುತ್ತ ಕಳೆದು 1974ರಲ್ಲಿ ತೀರಿಕೊಂಡರು. ಹೆಂಡತಿ ಅರ್ಜಿಯ ಮೇಲೆ ಅರ್ಜಿ ಹಾಕಿದರು. 1988ರ ಜುಲೈಯಲ್ಲಿ ಪದವಿ ಹಿಂದಕ್ಕೆ ಬಂತು, ಸತ್ತವರಿಗೆ. 1990ರಲ್ಲಿ ಒಂದು ವಿಮಾನವಾಹಕ ನೌಕೆಗೆ, ಕಿತ್ತುಕೊಂಡಿದ್ದ ಆ ಪದವಿಯನ್ನೂ ಸೇರಿಸಿ, ಅವರ ಹೆಸರಿಟ್ಟರು.