ಗಾಳ ಹಿಡಿದ ಕಾದಂಬರಿಕಾರ

(ವಿ.ಸಿ. ಫಾರಂನಲ್ಲಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಈ ಫಾರಂನ ಗದ್ದೆಗಳಿಗೆ ಹರಿಯುವ ನೀರಿನಲ್ಲಿ ಮೂಡಿಗೆರೆಯ ಮಳೆಯೂ ಬೆರೆತಿದೆ. ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ, ಗೊರೂರಿನ ಅಣೆಕಟ್ಟು ದಾಟಿ ಬಂದು, ಕಾವೇರಿಯನ್ನು ಕೂಡಿ ಕನ್ನಂಬಾಡಿ ಕಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ ಸೀಮೆಯ ಗದ್ದೆಗಳನ್ನು ತಣಿಸುತ್ತದೆ. ಹಳಬರು ಇಂದಿಗೂ ಅದನ್ನು ಇರ್ವಿನ್ ನಾಲೆ ಎನ್ನುವುದುಂಟು. ಈ ಊರಿನ ಹೆಸರಿನಲ್ಲಿರುವ ‘ವಿ.ಸಿ.’ ಕೂಡ ಆ ನಾಲೆಯೇ. ಹೇಮಾವತಿ ಹುಟ್ಟುವ ಸೀಮೆಯಲ್ಲಿ ಗಾಳ ಹಿಡಿದು ಕೂರುತ್ತಿದ್ದ ಒಬ್ಬ ಕಾದಂಬರಿಕಾರರ ಬಗ್ಗೆ ಇವತ್ತಿನ ಮಾತು.

ಅದಕ್ಕೆ ಮೊದಲು ಸ್ವಲ್ಪ ದೂರದ ಒಂದು ಕಥೆ. 1956ರ ಬೇಸಿಗೆಯಲ್ಲಿ ಅಮೆರಿಕದ ಮಾಲಿಬು ಕಡಲತೀರದಲ್ಲಿ ಕ್ಯಾಥಿ ಎಂಬ ಹದಿನೈದರ ಹುಡುಗಿ ಹಲಗೆಯ ಮೇಲೆ ನಿಂತು ಅಲೆಯೇರುವುದನ್ನು ಕಲಿತಳು. ಮನೆಯಲ್ಲಿ ದಿನವೂ ಅದೇ ಮಾತು. ಅವಳ ತಂದೆ ಫ್ರೆಡರಿಕ್ ಕೋನರ್, ನಾಜಿಗಳ ಕಾಟಕ್ಕೆ ಯುರೋಪು ಬಿಟ್ಟು ಬಂದ ಚಿತ್ರಕಥೆಗಾರ. ಮಗಳ ಮಾತನ್ನೇ ಹಿಡಿದು 1957ರಲ್ಲಿ ‘ಗಿಡ್ಜೆಟ್’ ಎಂಬ ಕಾದಂಬರಿ ಬರೆದರು. ಎರಡು ವರ್ಷದಲ್ಲಿ ಅದು ಚಲನಚಿತ್ರವಾಯಿತು. ಮೂಲೆಯಲ್ಲಿದ್ದ ಅಲೆಯಾಟ ಹದಿಹರೆಯದವರ ಹುಚ್ಚಾಯಿತು. ಅಲೆಯೇರಿದ್ದು ಮಗಳು, ಪುಸ್ತಕ ಅಪ್ಪನದು. ಕ್ರೀಡೆ ಮೊದಲು ಬಂತು, ಸಾಹಿತ್ಯ ಅದರ ಬೆನ್ನು ಹತ್ತಿ ಬಂತು ಎನ್ನುವುದು ಇಲ್ಲಿನ ಸ್ವಾರಸ್ಯ.

ನಮ್ಮ ಕರಾವಳಿಗೂ ಈ ಆಟ ಹೊಸತಲ್ಲ. ಮೂಲ್ಕಿಯಲ್ಲಿ 2004ರಿಂದಲೇ ಹುಡುಗರು ಹಲಗೆ ಹಿಡಿದು ಸಮುದ್ರಕ್ಕಿಳಿದಿದ್ದಾರೆ. ಆದರೆ ಬಯಲಿನ ಸಾಹಸ, ಅದಕ್ಕೆ ಮನಸೋತ ಹರೆಯದ ಓದುಗ, ಇವರಿಬ್ಬರನ್ನು ಕನ್ನಡದಲ್ಲಿ ಕೂಡಿಸಿದ್ದು ಮಲೆನಾಡು. ಚಂದಮಾಮ ಮುಗಿಸಿದ ಹುಡುಗ, ದೊಡ್ಡವರ ಕಾದಂಬರಿಯ ಸಂಸಾರ ತಾಪತ್ರಯ ಇನ್ನೂ ರುಚಿಸದ ಹುಡುಗ, ಏನು ಓದಬೇಕು? ಹದಿನಾಲ್ಕರಿಂದ ಇಪ್ಪತ್ತರವರೆಗಿನ ಈ ಖಾಲಿ ಜಾಗವನ್ನು ತುಂಬಬೇಕೆಂದು ಸಂಕಲ್ಪ ತೊಟ್ಟು ಪೂರ್ಣಚಂದ್ರ ತೇಜಸ್ವಿ ಬರೆದರೆನ್ನಲಾಗದು. ತಮಗೆ ಇಷ್ಟವಾದದ್ದನ್ನು ಬರೆದರು. ಆ ವಯಸ್ಸಿನವರು ಬಂದು ಅದನ್ನು ತಮ್ಮದು ಮಾಡಿಕೊಂಡರು.

1938ರಲ್ಲಿ ಹುಟ್ಟಿದ ಕುವೆಂಪು ಪುತ್ರ. ಕನ್ನಡ ಎಂ.ಎ. ಮಾಡಿಯೂ ಮೇಷ್ಟರ ಕೆಲಸಕ್ಕೆ ಹೋಗದೆ ಮೂಡಿಗೆರೆಯಲ್ಲಿ ತೋಟ ಮಾಡಿದರು. ಮೀನು, ಬೇಟೆ, ಕ್ಯಾಮೆರಾ, ಸ್ಕೂಟರು, ಕಾಡು ಸುತ್ತಾಟ. ಇವು ಅವರ ಬಿಡುವಿನ ಹವ್ಯಾಸಗಳು ಎಂದು ಬರೆಯುವುದು ರೂಢಿಯಾಗಿದೆ. ಅದು ತಪ್ಪು. ಅವರ ಕಥನದ ಅಚ್ಚೇ ಅಲ್ಲಿಂದ ಬಂದದ್ದು.

ಗಾಳ ಹಾಕುವವನ ಕೆಲಸವನ್ನೇ ನೋಡಿ. ಎರೆ ಸಿಕ್ಕಿಸಿ, ಬೆಂಡು ತೇಲಿಸಿ, ಗಂಟೆಗಟ್ಟಲೆ ಕಾಯಬೇಕು. ಆ ಹೊತ್ತಿನಲ್ಲಿ ಹರಟೆ, ಬೀಡಿ, ಜಗಳ, ತಮಾಷೆ ಎಲ್ಲವೂ ನಡೆಯುತ್ತವೆ. ಬೆಂಡು ಮುಳುಗಿದ ಕ್ಷಣ ಮಾತ್ರ ಲೋಕವೇ ಬೇರೆ. ಬಹಳ ಸಲ ಮೀನು ತಪ್ಪಿಸಿಕೊಳ್ಳುತ್ತದೆ. 1980ರಲ್ಲಿ ಬಂದ ‘ಕರ್ವಾಲೊ’ದ ನಡೆ ಕರಾರುವಾಕ್ಕಾಗಿ ಹೀಗೇ ಇದೆ. ಅರ್ಧ ಪುಸ್ತಕ ಜೇನು, ಜಮೀನಿನ ತಾಪತ್ರಯ, ಊರ ಪಂಚಾಯಿತಿಗಳಲ್ಲಿ ಕಳೆಯುತ್ತದೆ. ಆಮೇಲೆ ವಿಜ್ಞಾನಿ ಕರ್ವಾಲೊ, ಹಾವು ಹಿಡಿಯುವ ಎಂಗ್ಟ, ಅಡುಗೆಯ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲರೂ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ನುಗ್ಗುತ್ತಾರೆ. ದಾರಿ ಕಾಣುವುದು ಮಾತ್ರ ಮಂದಣ್ಣನಿಗೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ವಿಜ್ಞಾನಿಯ ಕಣ್ಣಿಗೆ ಅಪರೂಪದ ವೀಕ್ಷಕ. ಪರೀಕ್ಷೆಯಲ್ಲಿ ನಪಾಸಾದ ಎಷ್ಟು ಮಂದಿ ಹುಡುಗರು ಈ ಮಂದಣ್ಣನನ್ನು ಓದಿ ಒಳಗೊಳಗೇ ಉಸಿರಾಡಿರಬೇಕು!

ಹಾರುವ ಓತಿ ಕಲ್ಪನೆಯ ಪ್ರಾಣಿಯಲ್ಲ, ಪಶ್ಚಿಮ ಘಟ್ಟದ ನಿವಾಸಿ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಮರದಿಂದ ಮರಕ್ಕೆ ತೇಲುತ್ತದೆ. ರೆಕ್ಕೆ ಬಡಿಯುವುದಿಲ್ಲ, ಎತ್ತರದಿಂದ ಗಾಳಿಯ ಮೇಲೆ ಜಾರುತ್ತದೆ. ಅಲೆಯಾಟಗಾರ ಮಾಡುವುದೂ ಬಹುಮಟ್ಟಿಗೆ ಇದನ್ನೇ: ಏಳುತ್ತಿರುವ ನೀರಿನ ಇಳಿಜಾರಿನಲ್ಲಿ ಮೈಭಾರವನ್ನು ತೂಗಿಕೊಂಡು ಜಾರುವುದು. ಕಾದಂಬರಿಯ ಕೊನೆಯಲ್ಲಿ ಓತಿ ಪ್ರಪಾತದ ಅಂಚಿನಿಂದ ಹಾಗೆ ಜಾರಿ ಕಣ್ಮರೆಯಾಗುತ್ತದೆ. ಹಿಡಿದು ಪೆಟ್ಟಿಗೆಗೆ ಹಾಕಿದ್ದರೆ ಆ ಪುಸ್ತಕ ನಾಲ್ಕು ದಶಕ ಬಾಳುತ್ತಿತ್ತೆ ಎಂಬ ಅನುಮಾನ ಸಹಜ.

ಇಲ್ಲಿ ಮಂಡ್ಯದ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾಗದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಇದೇ ನಾಲೆಗೆ ಬಸ್ಸು ಉರುಳಿ 30 ಮಂದಿ ಸತ್ತರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಈ ಜಿಲ್ಲೆಯ ತಾಯಂದಿರು ‘ನಾಲೆ ತಾವ್ಕೆ ಹೋಗ್ಬ್ಯಾಡ ಕಣೋ’ ಎನ್ನುವುದರ ಹಿಂದೆ ಇಂಥ ನೆನಪುಗಳಿವೆ. ಹೀಗಿರುವಾಗ ಮನೆ ಬಿಟ್ಟು ನೀರಿಗೆ, ಕಾಡಿಗೆ ಕರೆಯುವ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮತ್ತೆ ಮಂದಣ್ಣನನ್ನೇ ನೋಡಬೇಕು. ಅವನು ಧೈರ್ಯಶಾಲಿ ಎನ್ನುವುದಕ್ಕಿಂತ ಕಣ್ಣುಳ್ಳವನು. ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿ ‘ಕಾಡಿನ ಕಥೆಗಳು’ ಎಂದು ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರಲ್ಲ, ಅಲ್ಲಿಯೂ ಗುಂಡು ಹಾರುವುದು ಒಂದು ಕ್ಷಣ. ಹೆಜ್ಜೆ ಗುರುತು ಓದುವುದು, ಕಾಯುವುದು, ಹಳ್ಳಿಗರ ಮಾತು ಕೇಳುವುದು ಪುಟಗಟ್ಟಲೆ. ನೀರನ್ನು ಬಲ್ಲವನು ಸುಮ್ಮನೆ ನೀರಿಗೆ ಹಾರುವುದಿಲ್ಲ. ಸ್ವತಃ ತೇಜಸ್ವಿಯವರೂ ಕಾಲ ಕಳೆದಂತೆ ಕೋವಿ ಇಳಿಸಿ ಹಕ್ಕಿಗಳತ್ತ ಕ್ಯಾಮೆರಾ ತಿರುಗಿಸಿದರು.

ದೂರು ಇಲ್ಲವೆಂದಲ್ಲ. ಅವರ ಕಾಡು ತಿರುಗುವ ತಂಡ ಬಹುತೇಕ ಗಂಡಸರದು. ಅಡ್ಡೆ ಹಾಕಿ ಕೂತು ಹರಟುವ ಸುಖ ಹುಡುಗಿಯರ ಪಾಲಿಗೆ ಅಲ್ಲಿ ಕಡಿಮೆ. ಒಂದೇ ದಿನದಲ್ಲಿ ಉಸಿರು ಬಿಗಿಹಿಡಿಸಿ ನಡೆಯುವ ‘ಜುಗಾರಿ ಕ್ರಾಸ್’ನಲ್ಲಿ (1994) ಗೌರಿ ಗಂಡನ ಜತೆ ಅಪಾಯಕ್ಕೆ ಎದುರಾಗುತ್ತಾಳೆ, ನಿಜ. ‘ಕಿರಗೂರಿನ ಗಯ್ಯಾಳಿಗಳು’ ಇಡೀ ಊರನ್ನೇ ನಡುಗಿಸುತ್ತಾರೆ. ಆದರೂ ಮಾಲಿಬುವಿನ ಹದಿನೈದರ ಹುಡುಗಿಯಂತೆ ತನ್ನ ಖುಷಿಗಾಗಿಯೇ ಬಯಲಿಗೆ ಹೊರಟ ಹುಡುಗಿ ಈ ಪುಸ್ತಕಗಳ ನಡುವೆ ನಿಲ್ಲಬೇಕಿತ್ತು. ಆ ಜಾಗ ಬಿಟ್ಟೇ ಇದೆ.

ತೇಜಸ್ವಿ 2007ರ ಏಪ್ರಿಲ್ 5ರಂದು ತೀರಿಕೊಂಡರು. ಅವರನ್ನು ಇನ್ನೂ ಓದದವರು ‘ಪರಿಸರದ ಕಥೆ’ಯಿಂದ ಶುರು ಮಾಡಬಹುದು, ಅಧ್ಯಾಯಗಳು ಸಣ್ಣವು. ಸಮುದ್ರ ಬೇಕೆನ್ನುವವರಿಗೆ ಅಂಡಮಾನ್ ಪ್ರವಾಸದ ಪುಸ್ತಕವಿದೆ. ಪ್ರದೀಪ ಕೆಂಜಿಗೆಯವರ ಜತೆಗೂಡಿ ಕನ್ನಡಕ್ಕೆ ತಂದ ‘ಪ್ಯಾಪಿಲಾನ್’ ಇದೆ, ಸೆರೆಮನೆಯಿಂದ ಕಡಲಿಗೆ ಬಿದ್ದು ಓಡಿದವನ ಕಥೆ. ‘ಕರ್ವಾಲೊ’ವನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ಹಿಡಿಯುವುದು ಒಳ್ಳೆಯದು. ನಡುವೆ ಕೆಳಗಿಡುವುದು ಕಷ್ಟ.